ಹಾಯಿಯೋ, ನೀರಡಿಯ ರೆಕ್ಕೆಯೋ? 16 ಅಡಿಯ ದೋಣಿಯಲ್ಲಿ ಎರಡರ ಹೋಲಿಕೆ

ಕಾಸರಗೋಡಿನ ಚಂದ್ರಗಿರಿ ಅಳಿವೆಯಿಂದ ಕುಂಬಳೆಯತ್ತ, ಒಂದೇ ಫೈಬರ್ ದೋಣಿಗೆ ಎರಡನ್ನೂ ಕಟ್ಟಿ ನೋಡಿದ ಲೆಕ್ಕ ಇದು. ಹಾಯಿ 8 ಚದರ ಮೀಟರ್, ಕಂಬ ಬಿದಿರಿನದು, ಪಕ್ಕಕ್ಕೆ ಜಾರದಂತೆ ಬದಿಯಲ್ಲೊಂದು ಹಲಗೆ. ಅಲೆಯ ಏರಿಳಿತದಿಂದ ದೋಣಿಯನ್ನು ಮುಂದೆ ತಳ್ಳುವ ರೆಕ್ಕೆ 1.2 ಮೀಟರ್ ಉದ್ದ, 20 ಸೆಂ.ಮೀ. ಅಗಲ, ಮೂತಿಯಡಿ 70 ಸೆಂ.ಮೀ. ಆಳದಲ್ಲಿ.

ಮಧ್ಯಾಹ್ನದ ವಾಯವ್ಯ ಗಾಳಿ 10–12 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.), ಅಲೆ ಅರ್ಧ ಮೀಟರ್ ಇರುವಾಗ ಗಾಳಿ ಪಕ್ಕಕ್ಕೆ ಬಂದರೆ ಹಾಯಿಯಲ್ಲಿ 4 ನಾಟ್ ಸಿಗುತ್ತದೆ. ಅದೇ ಅಲೆಗೆ ಎದುರಾಗಿ ರೆಕ್ಕೆಯೊಂದರಲ್ಲೇ ಹೋದರೆ 1.2 ನಾಟ್. ಎದುರುಗಾಳಿಗೆ ಹಾಯಿ ನೇರ ಹೋಗಲಾರದು, ಅಂಕುಡೊಂಕಾಗಿ ಸಾಗಬೇಕು. ಆದರೂ ಗಾಳಿಯ ದಿಕ್ಕಿಗೆ ಮುಂದಾಗುವುದು ಗಂಟೆಗೆ ಸುಮಾರು ಎರಡು ನಾಟಿಕಲ್ ಮೈಲು. ಅಲ್ಲೂ ಹಾಯಿಯೇ ಮುಂದು. ಅಲೆ ಹಿಂದಿನಿಂದ ಬಂದರೆ ರೆಕ್ಕೆಯಿಂದ ಹೆಚ್ಚೇನೂ ಸಿಗದು.

ರೆಕ್ಕೆಯ ಗುಟ್ಟು ಡಾಲ್ಫಿನ್ ಬಾಲದಂತೆ. ಮೂತಿ ಏಳುವಾಗ ನೀರು ರೆಕ್ಕೆಯ ಹಿಂಬದಿಯನ್ನು ಕೆಳಗೆ ಒತ್ತುತ್ತದೆ, ಇಳಿಯುವಾಗ ಮೇಲಕ್ಕೆ. ಎರಡು ಸಲವೂ ನೀರು ಹಿಂದಕ್ಕೆ ಹೋಗಿ ದೋಣಿ ಮುಂದೆ ಬರುತ್ತದೆ. ತಿರುಗುವ ಪಿನ್ ಮುಂದಿನ ಅಂಚಿನಿಂದ 4 ಸೆಂ.ಮೀ. ಒಳಗಿರಬೇಕು. 5 ದಾಟಿದರೆ ರೆಕ್ಕೆ ಒಂದೇ ಕಡೆಗೆ ಮಗುಚಿ ತಡೆಗೆ ಬಡಿದು ನಿಂತುಬಿಡುತ್ತದೆ. ತಡೆ ಎರಡೂ ಕಡೆ 25 ಡಿಗ್ರಿಗೆ. ರೆಕ್ಕೆಯನ್ನು ನಡುವಿಗೆ ಮರಳಿಸುವ ಸ್ಪ್ರಿಂಗ್ ಗಟ್ಟಿಯಾದರೆ ರೆಕ್ಕೆ ಬ್ರೇಕ್ ಆಗುತ್ತದೆ, ಸಡಿಲಾದರೆ ನೀರಿನೊಂದಿಗೆ ಸುಮ್ಮನೆ ತೇಲಾಡುತ್ತದೆ.

ದೊಡ್ಡ ಅಲೆಯಲ್ಲಿ ಹೆಚ್ಚು ತಳ್ಳು ಸಿಗುತ್ತದೆ ಎಂದು ನಂಬುವವರು ಬಹಳ. ಹಾಗಲ್ಲ. ಗಾಳಿಯಿಲ್ಲದ ಬೆಳಗ್ಗೆ ನಮ್ಮ ತೀರಕ್ಕೆ 10–12 ಸೆಕೆಂಡಿಗೊಂದು ಬರುವ ಉದ್ದನೆಯ ಅಲೆಯ ಮೇಲೆ ದೋಣಿ, ರೆಕ್ಕೆ, ಸುತ್ತಲಿನ ನೀರು ಮೂರೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ರೆಕ್ಕೆಯನ್ನು ಒತ್ತಲು ನೀರಿಗೆ ಅವಕಾಶವೇ ಸಿಗುವುದಿಲ್ಲ. ಈ ಅಳತೆಯ ದೋಣಿಗೆ ಬೇಕಾದದ್ದು 2–3 ಸೆಕೆಂಡಿಗೊಂದು ಬರುವ ಗಿಡ್ಡ ಅಲೆ. ಅದು ಗಾಳಿ ಇದ್ದಾಗಲೇ ಬರುವುದು, ಗಾಳಿ ಇದ್ದರೆ ಹಾಯಿ ಇದ್ದೇ ಇದೆ! ರೆಕ್ಕೆಯನ್ನು 7 ಮೀಟರ್ ಆಳಕ್ಕೆ ಇಳಿಬಿಟ್ಟರೆ ಬೇರೆ ಮಾತು: 5 ಸೆಕೆಂಡಿನ ಅಲೆಯ ಚಲನೆ ಅಲ್ಲಿ ಮೂರನೇ ಒಂದಕ್ಕೆ ಇಳಿದಿರುತ್ತದೆ. ವೇವ್ ಗ್ಲೈಡರ್ ಎಂಬ, ಮನುಷ್ಯರಿಲ್ಲದೆ ಸಾಗುವ ಯಂತ್ರ ನಡೆಯುವುದು ಈ ವ್ಯತ್ಯಾಸದಿಂದಲೇ. ಬಲೆ ತುಂಬಿದ ನಮ್ಮ ನೀರಿನಲ್ಲಿ ಅಷ್ಟುದ್ದ ಇಳಿಬಿಡುವಂತಿಲ್ಲ.

2008ರಲ್ಲಿ ಜಪಾನಿನ ಕೆನಿಚಿ ಹೋರಿಯೆ, ಮೂತಿಯಲ್ಲಿ ಎರಡು ರೆಕ್ಕೆಗಳಿದ್ದ ದೋಣಿಯಲ್ಲಿ ಹವಾಯಿಯಿಂದ ಜಪಾನಿಗೆ ಸುಮಾರು 7000 ಕಿ.ಮೀ. ಸಾಗಿದ್ದು 110 ದಿನಗಳಲ್ಲಿ. ಸರಾಸರಿ ಒಂದೂವರೆ ನಾಟ್ ಕೂಡ ಆಗುವುದಿಲ್ಲ. ಅಲೆಯಿಂದಲೇ ಸಾಗರ ದಾಟಬಹುದೆಂದು ತೋರಿಸಿದ್ದು ದೊಡ್ಡದೇ, ಆದರೆ ಮೀನು ಹಿಡಿದು ಹೊತ್ತಿಗೆ ಮನೆ ಸೇರಬೇಕಾದವರಿಗೆ ಅದು ಸಾಲದು.

ಹಾಳಾಗುವ ರೀತಿಯೂ ಬೇರೆ ಬೇರೆ. ರೆಕ್ಕೆಗೆ ಹರಿದ ಬಲೆ, ನೈಲಾನ್ ಹಗ್ಗ ಸುತ್ತಿಕೊಳ್ಳುತ್ತವೆ. ಪಿನ್ ಕೂರುವ ನೈಲಾನ್ ಬುಷ್ (ಕೊಳವೆ) ನೀರು ಹೀರಿ ಉಬ್ಬಿ ಪಿನ್ನನ್ನು ಹಿಡಿದುಕೊಳ್ಳುತ್ತದೆ; ಎಚ್‌ಡಿಪಿಇ ಪ್ಲಾಸ್ಟಿಕ್‌ನದು ಹಾಕಿ. ಪಿನ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, 304 ದರ್ಜೆಯದು ಉಪ್ಪುನೀರಿನಲ್ಲಿ ಬೇಗ ಗುಳಿಬೀಳುತ್ತದೆ. ಟಾರ್ಪಾಲಿನ ಹಾಯಿ ಕೆಲವೇ ವಾರಗಳಲ್ಲಿ ಜಗ್ಗಿ ಚೀಲವಾಗುತ್ತದೆ, ಆಮೇಲೆ ಎದುರುಗಾಳಿಗೆ ಏರುವುದಿಲ್ಲ. ಹಾಯಿಯ ಹಗ್ಗವನ್ನು ಎಂದೂ ಗಂಟು ಹಾಕಬಾರದು, ಕೈಯಲ್ಲೇ ಇರಬೇಕು; ಒಮ್ಮೆಲೇ ಗಾಳಿ ಬೀಸಿದರೆ ಮೊದಲು ಬಿಡಬೇಕಾದದ್ದು ಅದನ್ನೇ.

ದುಡ್ಡು ಮೊದಲು ಹಾಯಿಗೇ ಹೋಗಲಿ. ಬೆಳಗ್ಗಿನ ನೆಲಗಾಳಿ ಹೊರಗೆ ಒಯ್ಯುತ್ತದೆ, ಮಧ್ಯಾಹ್ನದ ಕಡಲಗಾಳಿ ಮರಳಿ ತರುತ್ತದೆ. ರೆಕ್ಕೆ ಬೇಕೆನಿಸಿದರೆ ಹಾಯಿಯ ಜೊತೆಗೆ ಇರಲಿ, ಎದುರಲೆಗೆ ಮೂತಿಯ ಕುಕ್ಕಾಟ ಚೆನ್ನಾಗಿ ತಗ್ಗುತ್ತದೆ. ಮೇಲೆತ್ತುವ ಚೌಕಟ್ಟಿನಲ್ಲೇ ಕೂರಿಸಿ: ಸಮನೀರಿನಲ್ಲಿ ಅದು ಅರ್ಧ ನಾಟ್‌ನಷ್ಟು ತಿನ್ನುತ್ತದೆ. ಅಳಿವೆಯ ಮರಳುದಿಬ್ಬ ಬರುವ ಮೊದಲೇ ಎತ್ತಿ, ಮೋಟಾರಿನಲ್ಲಿ ಒಳಗೆ ಬನ್ನಿ.