ವಾರದ ಎನ್‌ಎಫ್‌ಎಲ್ ಪಂದ್ಯ ಊಹಿಸುವ ಆ್ಯಪ್: ಹಲವು ಸೀಸನ್ ಬಳಸಿದ ಮೇಲೆ ಬರೆದ ವಿಮರ್ಶೆ

ಸಾಂತಾ ಕ್ಲಾರಾ, ಸನಿವೇಲ್, ಫ್ರೀಮಾಂಟ್ ಕಡೆ ಇರುವ ನಮ್ಮ ಕನ್ನಡದ ಗೆಳೆಯರ ಗುಂಪು ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ಪೂಲ್ ಶುರು ಮಾಡುತ್ತದೆ. ಆ ವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಾರೆ ಅಂತ ಎಲ್ಲರೂ ಮೊದಲೇ ಆರಿಸಿಡಬೇಕು. ಅದಕ್ಕೆ ಬಳಸುವುದು ಒಂದು ದೊಡ್ಡ ಕ್ರೀಡಾ ಕಂಪನಿಯ ಉಚಿತ ಆ್ಯಪ್. ಹೆಸರು ಹೇಳಲ್ಲ, ಮುಂದೆ ಸ್ವಲ್ಪ ಬೈಯುವುದೂ ಇದೆ. ಈ ಥರದ ಆ್ಯಪ್‌ಗಳು ಹೆಚ್ಚುಕಮ್ಮಿ ಒಂದೇ ರೀತಿ ನಡೆಯುತ್ತವೆ, ಹಾಗಾಗಿ ಯಾವುದನ್ನು ಬಳಸಿದರೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್, ಅದರಲ್ಲಿ 32 ತಂಡಗಳಿವೆ. 2021ರಿಂದ 18 ವಾರದ ಸೀಸನ್, ಪ್ರತಿ ತಂಡಕ್ಕೆ 17 ಪಂದ್ಯ, ಒಟ್ಟು 272. ಯಾರಿಗೂ ಬಿಡುವಿಲ್ಲದ ವಾರ 16 ಪಂದ್ಯ ಇರುತ್ತವೆ. ಗುರುವಾರ ರಾತ್ರಿ ಒಂದು, ಸೋಮವಾರ ರಾತ್ರಿ ಒಂದು, ಉಳಿದವು ಹೆಚ್ಚಾಗಿ ಭಾನುವಾರ.

ಸುಮ್ನೆ ಗೆಲ್ಲುವವರನ್ನು ಆರಿಸುವ ಮೋಡ್ ಬೇಗ ಬೋರಾಗುತ್ತದೆ. ಎಲ್ಲರೂ ಫೇವರಿಟ್ ತಂಡಗಳನ್ನೇ ಒತ್ತುತ್ತಾರೆ, ಎಲ್ಲರ ಅಂಕವೂ ಅಲ್ಲಲ್ಲೇ ನಿಲ್ಲುತ್ತದೆ. ಆ್ಯಪ್‌ನ ಜೀವಾಳ ಇರುವುದು ಕಾನ್ಫಿಡೆನ್ಸ್ ಪೂಲ್‌ನಲ್ಲಿ. ಅಲ್ಲಿ ತಂಡ ಆರಿಸಿದರೆ ಸಾಲದು, ಎಷ್ಟು ಗ್ಯಾರಂಟಿ ಅಂತಲೂ ಹೇಳಬೇಕು. 16 ಪಂದ್ಯ ಇದ್ದರೆ ತುಂಬಾ ನಂಬಿಕೆ ಇರುವ ಪಂದ್ಯಕ್ಕೆ 16, ಅದಕ್ಕಿಂತ ಕಮ್ಮಿಗೆ 15, ಹೀಗೆ ಇಳಿಯುತ್ತಾ 1ರವರೆಗೆ. ಒಂದು ಅಂಕಿಯನ್ನು ಎರಡು ಸಲ ಬಳಸುವಂತಿಲ್ಲ. ಎಲ್ಲವೂ ಸರಿಯಾದರೆ 136. ನಮ್ಮ ಗುಂಪಿನಲ್ಲಿ ಆ 136 ಇನ್ನೂ ಯಾರಿಗೂ ಸಿಕ್ಕಿಲ್ಲ.

ಫೇವರಿಟ್ ತಂಡಗಳು ಸರಿಸುಮಾರು ಮೂರರಲ್ಲಿ ಎರಡು ಪಂದ್ಯ ಗೆಲ್ಲುತ್ತವೆ. ಅಂದರೆ ಲಾಸ್ ವೇಗಸ್ ಲೈನ್ (ಯಾರು ಗೆಲ್ಲಬಹುದು ಅಂತ ಬೆಟ್ಟಿಂಗ್ ಕಂಪನಿಗಳು ಹಾಕುವ ಅಂದಾಜು) ನೋಡಿ ಕಣ್ಣುಮುಚ್ಚಿ ಒತ್ತಿದರೂ 16ರಲ್ಲಿ ಹತ್ತು, ಹನ್ನೊಂದು ಸರಿ ಬರುತ್ತವೆ. ಇದು ಗೊತ್ತಾದ ಮೇಲೆ ಆ್ಯಪ್ ತೋರಿಸುವ 'ತಜ್ಞರ ಆಯ್ಕೆ' ಪುಟದ ಮೇಲೆ ನನಗೆ ಗೌರವ ಕಮ್ಮಿಯಾಯಿತು. ಟೈ ಕಟ್ಟಿಕೊಂಡು ಕೂತ ಎಂಟು ಜನ ಸೇರಿ ಹೇಳುವುದೂ ಆ ಲೈನ್‌ನಲ್ಲಿ ಇರುವುದನ್ನೇ.

ಆದರೆ ಆ್ಯಪ್‌ನಲ್ಲಿ ಒಂದು ಬಂಗಾರದಂಥ ಕಾಲಂ ಇದೆ: ಎಷ್ಟು ಶೇಕಡಾ ಜನ ಯಾವ ತಂಡ ಆರಿಸಿದ್ದಾರೆ ಅನ್ನೋದು. ಹೊಸಬರು ಅದನ್ನು ನೋಡಿ ಹೆಚ್ಚು ಜನ ಇರುವ ಕಡೆಗೇ ಹೋಗುತ್ತಾರೆ. ಅದನ್ನು ಓದುವ ರೀತಿ ಬೇರೆ. ಲೈನ್ ಪ್ರಕಾರ ಒಂದು ತಂಡ ಗೆಲ್ಲುವ ಸಾಧ್ಯತೆ 60 ಶೇಕಡಾ ಇದ್ದು, ಜನ ಮಾತ್ರ 85 ಶೇಕಡಾ ಅದರ ಹಿಂದೆ ಬಿದ್ದಿದ್ದರೆ, ಎದುರಾಳಿ ತಂಡ ಆರಿಸುವುದರಲ್ಲಿ ಲಾಭ ಇದೆ. ತಪ್ಪಿದರೆ ಹೋಗುವುದು ಸ್ವಲ್ಪ. ಗೆದ್ದರೆ ನೂರಕ್ಕೆ 85 ಜನರನ್ನು ಒಂದೇ ಏಟಿಗೆ ದಾಟುತ್ತೀರಿ.

ನಮ್ಮ ಪೂಲ್‌ನಲ್ಲಿ ಈ ಲೆಕ್ಕ ಇನ್ನೂ ಸುಲಭ, ಯಾಕಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ತವರು ಮೈದಾನ ಲೀವೈಸ್ ಸ್ಟೇಡಿಯಂ ನಮ್ಮ ಪಕ್ಕದಲ್ಲೇ ಇದೆ. ಫಾರ್ಟಿನೈನರ್ಸ್ ಆಡಿದರೆ ನಮ್ಮವರ ಕೈ ತಾನಾಗಿ ಅತ್ತ ಹೋಗುತ್ತದೆ. 2023ರ ಅಕ್ಟೋಬರ್ 15ರಂದು ಇದೇ ಆಯಿತು. ಐದಕ್ಕೆ ಐದೂ ಗೆದ್ದಿದ್ದ ನೈನರ್ಸ್ ಕ್ಲೀವ್‌ಲ್ಯಾಂಡ್‌ಗೆ ಹೋಗಿತ್ತು. ಅಲ್ಲಿನ ತಂಡ ಬ್ರೌನ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಡೆಶಾನ್ ವಾಟ್ಸನ್ ಆಡುತ್ತಿರಲಿಲ್ಲ, ಬದಲಿಗೆ ಪಿ.ಜೆ. ವಾಕರ್. ಆ ವಾರ 15 ಪಂದ್ಯ, ನಮ್ಮ ಗುಂಪಿನಲ್ಲಿ ಬಹಳ ಮಂದಿ ಆ 15 ಅಂಕವನ್ನು ನೈನರ್ಸ್ ಮೇಲೇ ಹಾಕಿದ್ದರು. ಕೊನೆಯಲ್ಲಿ ನೈನರ್ಸ್‌ನ ಜೇಕ್ ಮೂಡಿ ಒದ್ದ 41 ಯಾರ್ಡ್‌ನ ಫೀಲ್ಡ್ ಗೋಲ್ (ಕಂಬಗಳ ನಡುವೆ ಹೋದರೆ ಮೂರು ಅಂಕ) ಪಕ್ಕಕ್ಕೆ ಹೋಯಿತು. ಬ್ರೌನ್ಸ್ 19, ನೈನರ್ಸ್ 17. ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಗಂಟೆ ಒಂದು ಮೆಸೇಜ್ ಇಲ್ಲ.

ಅದೇ ದಿನ ಸೋಲದೆ ಉಳಿದಿದ್ದ ಇನ್ನೊಂದು ತಂಡ ಈಗಲ್ಸ್ ಕೂಡ ಜೆಟ್ಸ್ ಎದುರು 20-14ರಲ್ಲಿ ಬಿತ್ತು. ವಾರ ಗೆದ್ದವನು ನಮ್ಮ ಶಿವಮೊಗ್ಗದ ಗೆಳೆಯ. ಅವನು ದೊಡ್ಡ ಅಂಕ ಹಾಕಿದ್ದು ಪ್ಯಾಂಥರ್ಸ್ ಎದುರು ಆಡಿದ ಡಾಲ್ಫಿನ್ಸ್ ಮೇಲೆ. ಅವರೂ ಮೊದಲು 14-0 ಹಿಂದೆ ಬಿದ್ದು ಆಮೇಲೆ 42-21ರಲ್ಲಿ ಗೆದ್ದರು. ಬ್ರೌನ್ಸ್ ಮೇಲೆ ಅವನು ಇಟ್ಟಿದ್ದು ಬರೀ 1. 'ಒಂದು ಅಂಕಕ್ಕೆ ಯಾಕಪ್ಪಾ ಇಷ್ಟು ಕುಣೀತೀಯ' ಅಂತ ಯಾರೋ ಕೇಳಿದರು. ಅವನಿಗೆ ಲಾಭ ಆದದ್ದು ಆ ಒಂದು ಅಂಕದಿಂದ ಅಲ್ಲ. ಎಲ್ಲರ 15 ಮುಳುಗಿದಾಗ ಅವನ 15 ಬೇರೆ ಕಡೆ ಕ್ಷೇಮವಾಗಿತ್ತು, ಅಷ್ಟೇ.

ಒಂದು ಎಚ್ಚರಿಕೆ: ಇದು ವಾರದ ಬಹುಮಾನಕ್ಕೆ ಮಾತ್ರ. ಇಡೀ ಸೀಸನ್ ಗೆಲ್ಲಬೇಕು ಅಂದರೆ ಪ್ರತಿ ವಾರ ಹೀಗೆ ಎದುರು ಈಜಬೇಡಿ. ಲೈನ್ ಪ್ರಕಾರ ಜೋಡಿಸಿ, ಸುಮ್ಮನಿರಿ. ನಮ್ಮಲ್ಲಿ ಸೀಸನ್ ಗೆಲ್ಲುವವರು ಹೆಚ್ಚಾಗಿ ಬೋರಿಂಗ್ ಜನ.

ಇನ್ನು ಬೈಗುಳ. ಮೊದಲನೆಯದು ಅಂಕ ಜೋಡಿಸುವ ಪರದೆ. ಫೋನ್‌ನಲ್ಲಿ ಬೆರಳಿಂದ ಎಳೆದು ತಂಡಗಳನ್ನು ಮೇಲೆ ಕೆಳಗೆ ಮಾಡಬೇಕು. ಸ್ಕ್ರೋಲ್ ಮಾಡಲು ಹೋದರೆ ತಂಡವೇ ಬೆರಳಿಗೆ ಅಂಟಿಕೊಂಡು ಬರುತ್ತದೆ. 14ರಲ್ಲಿ ಇದ್ದದ್ದು 3ಕ್ಕೆ ಇಳಿದು, ನಡುವಿನವೆಲ್ಲ ಒಂದೊಂದು ಮೆಟ್ಟಿಲು ಹತ್ತಿರುತ್ತವೆ. 'ಹಿಂದಿನಂತೆ ಮಾಡು' ಅನ್ನುವ ಬಟನ್ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಈ ತೊಂದರೆ ಇಲ್ಲ, ಹಾಗಾಗಿ ಮಂಗಳವಾರವೋ ಬುಧವಾರವೋ ಅಲ್ಲೇ ಜೋಡಿಸಿಡಿ.

ಬುಧವಾರ ಜೋಡಿಸಿದ್ದು ಭಾನುವಾರಕ್ಕೆ ಹಾಗೇ ಉಳಿಯುವುದಿಲ್ಲ, ಅದು ಬೇರೆ ಮಾತು. ವಾರದ ನಡುವೆ ಗಾಯಾಳುಗಳ ಪಟ್ಟಿ ಬರುತ್ತದೆ. ಯಾರು ಆಡುವುದಿಲ್ಲ ಅನ್ನುವ ಕೊನೆಯ ಪಟ್ಟಿ ಬರುವುದು ಪಂದ್ಯಕ್ಕೆ 90 ನಿಮಿಷ ಮೊದಲು. ನಮ್ಮ ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಭಾನುವಾರ ಬೆಳಗ್ಗೆ 8.30. ಒಂದು ಕೈಯಲ್ಲಿ ದೋಸೆ ಮಗುಚುತ್ತಾ ಇನ್ನೊಂದು ಕೈಯಲ್ಲಿ ಕ್ವಾರ್ಟರ್‌ಬ್ಯಾಕ್ ಇದ್ದಾನಾ ನೋಡುವುದು ನಮ್ಮನೆಯಲ್ಲಿ ಮಾಮೂಲಿ. ಲಂಡನ್‌ನಲ್ಲಿ ಪಂದ್ಯ ಇದ್ದರೆ ಅದು ನಮಗೆ 6.30ಕ್ಕೇ ಶುರು. ಆ್ಯಪ್ ಪ್ರತಿ ಪಂದ್ಯವನ್ನು ಅದು ಶುರುವಾದಾಗ ಮಾತ್ರ ಲಾಕ್ ಮಾಡುತ್ತದೆ, ಇದು ಒಳ್ಳೆಯದು. ಆದರೆ ನೆನಪಿಸುವ ನೋಟಿಫಿಕೇಶನ್ ಎಷ್ಟೋ ಸಲ ಲಾಕ್ ಆದ ಮೇಲೆ ಬರುತ್ತದೆ. ಗುರುವಾರದ ಪಂದ್ಯ ನಮಗೆ ಸಂಜೆ 5.15ಕ್ಕೆ, ಅಂದರೆ ಸರಿಯಾಗಿ ಆಫೀಸ್ ಮೀಟಿಂಗ್ ಹೊತ್ತಿಗೆ. ನನ್ನ ಫೋನ್‌ನಲ್ಲಿ ಅದಕ್ಕೆ ಬೇರೆ ಅಲಾರಂ ಇದೆ.

ಲಾಕ್ ಆದ ಮೇಲೆ ದೇವರೇ ಗತಿ. 2023ರ ಮೊದಲ ವಾರದ ಸೋಮವಾರ ರಾತ್ರಿ ಜೆಟ್ಸ್ ಪರ ಮೊದಲ ಸಲ ಆಡಿದ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಏರನ್ ರಾಡ್ಜರ್ಸ್ ನಾಲ್ಕನೇ ಸ್ನ್ಯಾಪ್‌ಗೇ, ಅಂದರೆ ನಾಲ್ಕನೇ ಸಲ ಚೆಂಡು ಆಟಕ್ಕೆ ಬಂದಾಗಲೇ, ಗಾಯಗೊಂಡು ಹೊರಗೆ ಹೋದರು. ಜೆಟ್ಸ್ ಆರಿಸಿದವರು ತಲೆ ಮೇಲೆ ಕೈ ಹೊತ್ತು ಕೂತರು. ಕೊನೆಗೆ ಓವರ್‌ಟೈಮ್‌ನಲ್ಲಿ ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದು ಓಡಿದ ಹುಡುಗನೊಬ್ಬ 22-16ರಲ್ಲಿ ಜೆಟ್ಸ್‌ನ್ನೇ ಗೆಲ್ಲಿಸಿದ! ಎದುರಾಳಿ ಬಿಲ್ಸ್ ಮೇಲೆ ದೊಡ್ಡ ಅಂಕ ಇಟ್ಟು, ಆಗಲೇ ಗೆದ್ದೆ ಅಂತ ಮಲಗಿದವರಿಗೆ ಬೆಳಗ್ಗೆ ಸುದ್ದಿ ಗೊತ್ತಾಯಿತು.

ಪಂದ್ಯ ಸಮಬಲದಲ್ಲಿ ಮುಗಿದು ಟೈ ಆದರೆ ಏನು ಅನ್ನುವುದನ್ನು ಆ್ಯಪ್ ಎಲ್ಲೂ ಕಣ್ಣಿಗೆ ಬೀಳುವ ಹಾಗೆ ಬರೆದಿಲ್ಲ. 2025ರ ಸೆಪ್ಟೆಂಬರ್ 28ರಂದು ಕೌಬಾಯ್ಸ್ ಮತ್ತು ಪ್ಯಾಕರ್ಸ್ 40-40ರಲ್ಲಿ ಮುಗಿಸಿದಾಗ ಯಾರಿಗೂ ಅಂಕ ಬರಲಿಲ್ಲ. ಪ್ಯಾಕರ್ಸ್ ಮೇಲೆ ದೊಡ್ಡ ಅಂಕ ಇಟ್ಟವರು ಗ್ರೂಪಿನಲ್ಲಿ ನಡೆಸಿದ ವಾದ ಸೋಮವಾರವೂ ಮುಗಿದಿರಲಿಲ್ಲ. ಪೂಲ್ ಶುರು ಮಾಡುವವರು ಈ ನಿಯಮವನ್ನು ಮೊದಲೇ ಹೇಳಿಬಿಡಿ.

18ನೇ ವಾರ ಇನ್ನೊಂದು ತಲೆನೋವು. ಪ್ಲೇಆಫ್ ಜಾಗ ಗಟ್ಟಿಯಾದ ತಂಡಗಳು ಮುಖ್ಯ ಆಟಗಾರರನ್ನು ಕೂರಿಸುತ್ತವೆ. 2025ರ ಜನವರಿಯಲ್ಲಿ 15 ಗೆದ್ದು ಒಂದೇ ಸೋತಿದ್ದ ಚೀಫ್ಸ್ ಹಾಗೆ ಮಾಡಿ ಬ್ರಾಂಕೋಸ್ ಕೈಯಲ್ಲಿ 38-0 ಸೋತರು. ತಂಡದ ಹೆಸರು, ಗೆಲುವಿನ ಲೆಕ್ಕ ನೋಡಿ ಒತ್ತಿದವರಿಗೆ ಆ ವಾರ ಮಂಗಳಾರತಿ. ಹೀಗಾಗಿ ನಾವು ಈಗ 18ನೇ ವಾರವನ್ನು ಸೀಸನ್ ಲೆಕ್ಕಕ್ಕೇ ಸೇರಿಸುವುದಿಲ್ಲ. ಆ ಸೆಟ್ಟಿಂಗ್ ಆ್ಯಪ್‌ನಲ್ಲಿದೆ, ಆದರೆ ಸೀಸನ್ ಶುರುವಾದ ಮೇಲೆ ಬದಲಿಸಲು ಬಿಡುವುದಿಲ್ಲ.

ಹೋಲಿಸಿ ನೋಡುವುದಾದರೆ, ನನಗೆ ಇದಕ್ಕಿಂತ ಇಷ್ಟವಾಗಿದ್ದ ಆಟ ಅಂಕಿಅಂಶ ನೋಡಿ ಮುನ್ನೋಟ ಹೇಳುತ್ತಿದ್ದ ಫೈವ್‌ಥರ್ಟಿಎಯ್ಟ್ ತಾಣದ್ದು. ಅಲ್ಲಿ ತಂಡದ ಜೊತೆ ಶೇಕಡಾ ಸಾಧ್ಯತೆಯನ್ನೂ ಕೊಡಬೇಕಿತ್ತು. 70 ಅಂತ ಹಾಕಿ ಸರಿಯಾದರೆ 16 ಅಂಕ ಬರುತ್ತಿತ್ತು, ತಪ್ಪಾದರೆ 24 ಹೋಗುತ್ತಿತ್ತು. 100 ಅಂತ ಹಾಕಿ ತಪ್ಪಿದರೆ 75 ಹೋಗುತ್ತಿತ್ತು. 50 ಅಂತ ಹಾಕಿದರೆ ಏನೂ ಇಲ್ಲ. ಜಂಬ ಇಳಿಸಲು ಅದರಂಥದ್ದು ಇನ್ನೊಂದಿಲ್ಲ. 2025ರ ಮಾರ್ಚ್‌ನಲ್ಲಿ ಆ ತಾಣವೇ ಮುಚ್ಚಿತು.

ಜಾಹೀರಾತು ವಿಪರೀತ. ಪಿಕ್ ಮಾಡುವ ಪುಟದಲ್ಲೇ 'ಇದರ ಮೇಲೆ ಹಣ ಹಾಕಿ' ಅಂತ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೇಳಿದ ಎರಡು ಪ್ರಸ್ತಾಪಗಳನ್ನು ಮತದಾರರು 2022ರ ನವೆಂಬರ್‌ನಲ್ಲೇ ತಿರಸ್ಕರಿಸಿದ್ದಾರೆ. ನಮಗೆ ಆ ಜಾಹೀರಾತು ಬರೀ ಕಿರಿಕಿರಿ. ನಮ್ಮ ಪೂಲ್‌ನಲ್ಲಿ ಹಣ ಇಲ್ಲ. ವಾರ ಸೋತವರು ಮುಂದಿನ ಸಲ ಎಲ್ಲರಿಗೂ ಫಿಲ್ಟರ್ ಕಾಫಿ ಮಾಡಬೇಕು.

ಬೆಂಗಳೂರಿನಲ್ಲಿರುವ ನನ್ನ ಭಾವನವರೂ ಈಗ ಸೇರಿಕೊಂಡಿದ್ದಾರೆ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತಲ್ವಾ, 'ಇದರಲ್ಲಿ ತೊಂದರೆ ಇಲ್ಲ ತಾನೇ' ಅಂತ ಕೇಳಿಯೇ ಸೇರಿದ್ದು. ಉಚಿತ ಪೂಲ್, ಬಹುಮಾನ ಕಾಫಿ, ಅದೂ ಅವರು ಬಂದಾಗ ಅಂದೆ. ಊರಿಂದ ಆಡುವವರಿಗೆ ಆ್ಯಪ್ ಸಮಯವನ್ನು ಅಲ್ಲಿನ ಗಡಿಯಾರದಲ್ಲೇ ತೋರಿಸುತ್ತದೆ, ಅದು ಅಚ್ಚುಕಟ್ಟು. ಭಾನುವಾರದ ಮೊದಲ ಕಂತಿನ ಪಂದ್ಯಗಳು ಅಲ್ಲಿ ರಾತ್ರಿ 10.30ಕ್ಕೆ ಲಾಕ್ ಆಗುತ್ತವೆ. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅದು 11.30 ಆಗುತ್ತದೆ. ಭಾವ ಊಟ ಮುಗಿಸಿ ಕೂತು ಹಾಕುವ ಪಿಕ್‌ಗಳಿಗೆ ಗಾಯಾಳುಗಳ ಕೊನೆಯ ಪಟ್ಟಿ ಆಗಲೇ ಸಿಕ್ಕಿರುತ್ತದೆ, ಮೇಲಾಗಿ ಅವರಿಗೆ ನೈನರ್ಸ್ ಮೇಲೆ ಯಾವ ಮಮಕಾರವೂ ಇಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಆ ಎಳೆಯುವ ಪರದೆ ಸರಿ ಮಾಡಿದರೆ ನಾಲ್ಕು ಕೊಡುತ್ತೇನೆ.