ಅವರೆ ಪುಟ ಮೊದಲು ತೆಗೆದು ನೋಡಿ: ಕೈತೋಟದ ಎರಡು ಪುಸ್ತಕಗಳು

ಹೊಸದಾಗಿ ತರಕಾರಿ ಬೆಳೆಯುವವರು ಯಾವ ಪುಸ್ತಕ ಕೊಳ್ಳಬೇಕು ಅಂತ ಈ ವರ್ಷ ನಾಲ್ಕೈದು ಜನ ನನ್ನನ್ನು ಕೇಳಿದರು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಾರಸಿ ಮೇಲೆ ಮೂವತ್ತಾರು ಗ್ರೋ ಬ್ಯಾಗ್ ಇವೆ. ಮೂರು ವರ್ಷದಲ್ಲಿ ಎರಡು ಪುಸ್ತಕಗಳನ್ನು ಮಣ್ಣಿನ ಕೈಯಲ್ಲೇ ತಿರುವಿ ತಿರುವಿ ಓದಿದ್ದೇನೆ. ಅವೆರಡರ ಬಗ್ಗೆ ಬರೆಯುತ್ತೇನೆ. ಹೆಸರು ಹಾಕುತ್ತಿಲ್ಲ. ಇದೇ ಥರದ ಪುಸ್ತಕಗಳು ಅಂಗಡಿಯಲ್ಲಿ ಹತ್ತಾರು ಸಿಗುತ್ತವೆ. ಕೈಗೆ ತೆಗೆದುಕೊಂಡಾಗ ಇದು ಆಗುತ್ತೋ ಇಲ್ಲವೋ ಅಂತ ನಿಮಗೇ ಗೊತ್ತಾಗಬೇಕು.

ಮೊದಲನೆಯದು ಇಂಗ್ಲಿಷ್ ಪುಸ್ತಕ, ಬರೆದವರು ಇಂಗ್ಲೆಂಡಿನವರು. ದೇವರಾಜ ಅರಸು ರಸ್ತೆಯಲ್ಲಿ 899 ರೂಪಾಯಿ ಕೊಟ್ಟು ತಂದೆ. ದಪ್ಪ ಹಾಳೆ, ಪುಟಪುಟಕ್ಕೂ ಬಣ್ಣದ ಫೋಟೋ. ಇದರಲ್ಲಿ ಒಳ್ಳೆಯದು ತುಂಬಾ ಇದೆ, ಅದನ್ನು ಮೊದಲು ಹೇಳಬೇಕು. ಮಣ್ಣಿನ ಅಧ್ಯಾಯ ಓದಿದ ಮೇಲೆ ನನಗೆ ಮಣ್ಣು ಮುಟ್ಟಿ ನೋಡುವುದು ಬಂತು. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಮಾತ್ರ ಹಾಕಬೇಕು. ನನ್ನ ಮೊದಲ ಟೊಮೆಟೊ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಟ್ಟಿದ್ದವು. ಒತ್ತಾಗಿ ಬಿತ್ತಿದ್ದೆ, ನೀರು ಜಾಸ್ತಿ ಹಾಕಿದ್ದೆ, ಗಾಳಿ ಆಡುತ್ತಿರಲಿಲ್ಲ. ಮೂರೂ ನನ್ನ ತಪ್ಪು ಅಂತ ತಿಳಿದದ್ದು ಈ ಪುಸ್ತಕದಿಂದಲೇ.

ತೊಂದರೆ ಇರುವುದು ತಿಂಗಳ ಪಟ್ಟಿಯಲ್ಲಿ. ಕೊನೆಯ ಹಿಮ ಬಿದ್ದ ಮೇಲೆ ಸಸಿಗಳನ್ನು ಹೊರಗೆ ನೆಡಿ ಅನ್ನುತ್ತದೆ. ಮೈಸೂರಿನಲ್ಲಿ ಜನವರಿಯ ರಾತ್ರಿಯೂ ಸುಮಾರು 16 ಡಿಗ್ರಿ ಇರುತ್ತದೆ. ಇಲ್ಲಿ ಯಾವ ಹಿಮಕ್ಕೆ ಕಾಯೋದು? ಇಡೀ ದಿನ ಬಿಸಿಲು ಬೀಳುವ ಜಾಗ ಹುಡುಕಿ ಅಂತಲೂ ಇದೆ. ನಮ್ಮ ತಾರಸಿಯಲ್ಲಿ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಆಗ ಸೊಪ್ಪಿನ ಮೇಲೆ ಶೇಡ್ ನೆಟ್ ಕಟ್ಟದಿದ್ದರೆ ಎಲೆ ಸುಟ್ಟುಹೋಗುತ್ತದೆ. ಆ ಮಾತು ಪುಸ್ತಕದಲ್ಲಿ ಎಲ್ಲೂ ಇಲ್ಲ. ಅವರ ಊರಿಗೆ ಅದು ಬೇಕಾಗಿಯೂ ಇಲ್ಲ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಅವರೆಯಲ್ಲಿ. ಬೀನ್ಸ್ ಜಾತಿಯನ್ನೆಲ್ಲ ಚಳಿ ಮುಗಿದ ಮೇಲೆ ಹಾಕಿ ಅಂತ ಇತ್ತು. ಅವರೆಯೂ ಅದರಲ್ಲೇ ಸೇರಿತು ಅಂದುಕೊಂಡೆ. ಫೆಬ್ರವರಿಯಲ್ಲಿ ನಾಲ್ಕು ಬ್ಯಾಗಿಗೆ ಬೀಜ ಹಾಕಿದೆ. ಬಳ್ಳಿ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಬಟ್ಟೆ ಒಣಗಿಸುವ ತಂತಿ ಹಿಡಿದು ನೀರಿನ ಟ್ಯಾಂಕ್ ಮೇಲಕ್ಕೂ ಹತ್ತಿತು. ಹೂ ಮಾತ್ರ ಒಂದೂ ಇಲ್ಲ. ಗೊಬ್ಬರ ಸಾಲದು ಅಂತ ಇನ್ನಷ್ಟು ಹಾಕಿದೆ. ಇನ್ನಷ್ಟು ಎಲೆ ಬಂತು.

ಮೇ ತಿಂಗಳಲ್ಲಿ ಪಾಂಡವಪುರದ ಕಡೆಯ ಹಳ್ಳಿಯಿಂದ ನಮ್ಮತ್ತೆ ಬಂದರು. ಹೊಲದ ಬದುವಿನಲ್ಲಿ ನಲವತ್ತು ವರ್ಷ ಅವರೆ ಹಾಕಿದವರು. ತಾರಸಿಗೆ ಬಂದು ಬಳ್ಳಿ ಮುಟ್ಟಿ ನೋಡಿದರು.

"ಯಾವಾಗ ಹಾಕ್ದೆ ಕಣವ್ವ ಇದ?"

"ಫೆಬ್ರವರೀಲಿ ಅತ್ತೆ. ಪುಸ್ತಕದಲ್ಲಿ ಹಂಗೇ ಇತ್ತು."

"ಅವರೆ ಹೊತ್ತು ನೋಡ್ಕಂಡು ಹೂ ಬುಡೋದು ಕಣವ್ವ. ಹೊತ್ತು ಸಣ್ಣಾಗ್ಬೇಕು. ಈಗ ಸೊಪ್ಪು ಬೆಳ್ಕತದೆ, ಅಷ್ಟೇಯ."

ಅತ್ತೆ ಹೇಳಿದ್ದು ಅಕ್ಷರಶಃ ನಿಜ. ನಾಟಿ ಅವರೆಗೆ ಹಗಲು ಚಿಕ್ಕದಾಗುತ್ತಾ ಬಂದರೆ ಮಾತ್ರ ಹೂವಿನ ಸೂಚನೆ ಸಿಗುತ್ತದೆ. ಮೈಸೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರ್‌ನಲ್ಲಿ ಹನ್ನೊಂದೂವರೆ ಗಂಟೆಗೂ ಕಡಿಮೆ. ಒಂದೂವರೆ ಗಂಟೆಯ ಆ ವ್ಯತ್ಯಾಸ ನಮಗೆ ಗೊತ್ತೂ ಆಗಲ್ಲ, ಬಳ್ಳಿಗೆ ಗೊತ್ತಾಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಬಿತ್ತಿ ಚಳಿಗಾಲದಲ್ಲಿ ಸೊಗಡಿನ ಕಾಯಿ ಕೀಳೋದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ಬೇರೆ ಕಾಲದಲ್ಲೂ ಕಾಯಿ ಬಿಡುತ್ತವೆ. ನಾನು ಹಾಕಿದ್ದು ಅವಲ್ಲ, ಊರಿನ ಬೀಜ.

ಎರಡನೇ ಪುಸ್ತಕ ಸಿಕ್ಕಿದ್ದು ಅದೇ ವರ್ಷ ದಸರಾದಲ್ಲಿ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಬೀಜ ಮಾರುವ ಒಂದು ಮಳಿಗೆಯಲ್ಲಿ ತೆಳ್ಳನೆಯ ಕನ್ನಡ ಕೈಪಿಡಿ ಇತ್ತು, 120 ರೂಪಾಯಿ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಮೊದಲು ಹುಡುಕಿದ್ದು ಅವರೆ ಪುಟವನ್ನು. ಜುಲೈ, ಆಗಸ್ಟ್ ಅಂತ ಇತ್ತು, ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರೂ ಇತ್ತು. "ಇದ ತಕ್ಕ" ಅಂದರು. ತಗೊಂಡೆ.

ಈ ಪುಸ್ತಕದ ಒಂದು ಪುಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹೀರೆಕಾಯಿ ಪುಟ. ಎರಡು ಹೂಗಳ ಚಿತ್ರ, ಬರೀ ಗೆರೆಯಲ್ಲಿ ಬರೆದದ್ದು. ಒಂದರ ಹಿಂದೆ ಬರಿಯ ತೊಟ್ಟು, ಅದು ಗಂಡು ಹೂ. ಇನ್ನೊಂದರ ಹಿಂದೆ ಕಿರುಬೆರಳಿಗಿಂತ ಸಣ್ಣ ಹೀರೆಕಾಯಿ, ಗೆರೆಗಳ ಸಮೇತ. ಅದು ಹೆಣ್ಣು. ಮೊದಮೊದಲು ಗಂಡು ಹೂಗಳೇ ಬಂದು ಉದುರುತ್ತವೆ, ಗಾಬರಿಯಾಗಬೇಡಿ ಅಂತ ಕೆಳಗೆ ಬರೆದಿದ್ದಾರೆ. ಆ ಒಂದು ಸಾಲು ಮೊದಲೇ ಓದಿದ್ದರೆ ನಾನು ಒಳ್ಳೆಯ ಬಳ್ಳಿಯೊಂದನ್ನು ಕಿತ್ತು ಬಿಸಾಡುತ್ತಿರಲಿಲ್ಲ.

ಅದರ ಮುಂದಿನ ಮಾತು ಇನ್ನೂ ಮುಖ್ಯ. ಕುಂಬಳ, ಸೌತೆ ಹೂ ಅರಳುವುದು ಬೆಳಿಗ್ಗೆ. ಹೀರೆ, ಸೋರೆ ಅರಳುವುದು ಸಂಜೆ. ತಾರಸಿಗೆ ದುಂಬಿ, ಜೇನು ಬಾರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿನ ಮಧ್ಯಕ್ಕೆ ನಾವೇ ಮುಟ್ಟಿಸಬೇಕು. ಇಂಗ್ಲಿಷ್ ಪುಸ್ತಕವೂ ಇದನ್ನು ಹೇಳಿತ್ತು, ಆದರೆ ಬೆಳಿಗ್ಗೆ ಮಾಡಿ ಅಂತ. ಅಲ್ಲಿ ಬೆಳೆಯೋದು ಕುಂಬಳದ ಜಾತಿ, ಅದಕ್ಕೆ ಸರಿ. ನಾನು ಬೆಳಿಗ್ಗೆ ಎಂಟಕ್ಕೆ ಹೋದಾಗಲೆಲ್ಲ ಹೀರೆ ಹೂ ಮುದುಡಿಕೊಂಡಿರುತ್ತಿತ್ತು. ಈಗ ಸಂಜೆ ಆರಕ್ಕೆ, ದೀಪ ಹಚ್ಚುವ ಮೊದಲು ಹೋಗುತ್ತೇನೆ. ಹಳದಿ ಹೂ ಆಗ ತಾನೇ ಬಿಚ್ಚಿರುತ್ತದೆ, ಬೆರಳಿಗೆ ಪುಡಿ ಅಂಟುತ್ತದೆ. ಮುಟ್ಟಿಸಿದ ಮೂರನೇ ದಿನಕ್ಕೆ ಕಾಯಿ ದಪ್ಪವಾಗೋಕೆ ಶುರುವಾಗಿರೋದು ಕಣ್ಣಿಗೇ ಕಾಣುತ್ತದೆ.

ಕೈಪಿಡಿಯಲ್ಲಿ ಕೊರತೆಗಳೂ ಇವೆ. ರೋಗದ ಫೋಟೋಗಳು ಕಪ್ಪು ಬಿಳುಪಿನಲ್ಲಿವೆ, ಎಲೆಯ ಮೇಲಿನ ಚುಕ್ಕೆ ಯಾವುದು, ಮಸಿ ಯಾವುದು ಗೊತ್ತಾಗಲ್ಲ. ಗೊಬ್ಬರದ ಲೆಕ್ಕವೆಲ್ಲ ಎಕರೆಯಲ್ಲಿದೆ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಅಂದ್ರೆ ನನ್ನ ಬ್ಯಾಗಿಗೆ ಎಷ್ಟು? ಕೂತು ಲೆಕ್ಕ ಹಾಕಿದೆ. ಗುಂಟೆಗೆ 250 ಕೆಜಿ, ಗುಂಟೆ ಅಂದ್ರೆ 1,089 ಚದರ ಅಡಿ, ಹಾಗಾಗಿ ಒಂದು ಚದರ ಅಡಿಗೆ ಸುಮಾರು 230 ಗ್ರಾಂ. ಅದು ಹೊಲಕ್ಕೆ ಸರಿ. ಬ್ಯಾಗಿನಲ್ಲಿ ಬೇರಿಗೆ ಹೋಗೋಕೆ ಬೇರೆ ಜಾಗವಿಲ್ಲ, ಅದಕ್ಕೆ ನಾನು ಕೆಮ್ಮಣ್ಣು, ಗೊಬ್ಬರ, ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮ ಹಾಕುತ್ತೇನೆ. ತಾರಸಿಯವರಿಗೆ ಅಂತ ಎರಡು ಪುಟ ಸೇರಿಸಿದ್ದರೆ ಎಷ್ಟು ಜನಕ್ಕೆ ಉಪಕಾರ ಆಗುತ್ತಿತ್ತು.

ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಕನ್ನಡದ ಕೈಪಿಡಿಯನ್ನೇ ತಗೊಳ್ಳಿ. ಆದರೆ ಕನ್ನಡದಲ್ಲಿದ್ದ ಮಾತ್ರಕ್ಕೆ ನಂಬಬೇಡಿ. ಅಂಗಡಿಯಲ್ಲಿ ನಿಂತೇ ಅವರೆ ಪುಟ ತೆಗೆಯಿರಿ, ತಿಂಗಳು ನೋಡಿ. ಹೀರೆಯ ಗಂಡು ಹೆಣ್ಣು ಹೂ ಚಿತ್ರ ಇದೆಯಾ ನೋಡಿ. ಗಿಡದ ಹೇನಿಗೆ ಏನು ಮಾಡಬೇಕು ಅಂತ ಅಳತೆ ಸಮೇತ ಹೇಳಿದ್ದಾರಾ ನೋಡಿ. ಬೇವಿನೆಣ್ಣೆ ಸಿಂಪಡಿಸಿ ಅಂತ ಬರೆದು ಬಿಟ್ಟರೆ ಸಾಲದು. ಲೀಟರ್ ನೀರಿಗೆ 5 ಮಿಲಿ, ಜೊತೆಗೆ ನಾಲ್ಕು ಹನಿ ಸೋಪಿನ ನೀರು, ಬಿಸಿಲು ಇಳಿದ ಮೇಲೆ, ಎಲೆಯ ಅಡಿಗೆ. ಇಷ್ಟು ಹೇಳಿದರೆ ಮಾತ್ರ ಹೊಸಬರ ಕೈಯಲ್ಲಿ ಕೆಲಸ ಆಗೋದು. ಇಂಗ್ಲಿಷ್ ಪುಸ್ತಕವನ್ನು ಲೈಬ್ರರಿಯಲ್ಲೋ ಗೆಳೆಯರ ಹತ್ತಿರವೋ ಪಡೆದು ಮಣ್ಣು ಮತ್ತು ಸಸಿ ಮಡಿಯ ಅಧ್ಯಾಯ ಮಾತ್ರ ಓದಿ, ಸಾಕು.

ಕೈಪಿಡಿಯ ಬದನೆ ಪುಟದಲ್ಲಿ ಹೈಬ್ರಿಡ್ ತಳಿಗಳ ಹೆಸರು ಸಾಲಾಗಿವೆ. ನಮ್ಮ ಈರನಗೆರೆ ಬದನೆಯ ಹೆಸರೇ ಇಲ್ಲ. ವಾಂಗಿಬಾತಿಗೆ ನಮ್ಮನೆಯಲ್ಲಿ ಅದೇ ಆಗಬೇಕು. ಆ ಪುಟದ ಅಂಚಿನಲ್ಲಿ ಅತ್ತೆ ಪೆನ್ಸಿಲ್‌ನಲ್ಲಿ ದೊಡ್ಡ ಅಕ್ಷರಗಳಲ್ಲಿ ಆ ಹೆಸರು ಬರೆದಿದ್ದಾರೆ. ಕೆಳಗೆ, ಹೋದ ಸಲ ಸಸಿ ಕಿತ್ತು ನೆಟ್ಟ ದಿನವನ್ನೂ.