ಇಪ್ಪತ್ತು ನಿಮಿಷ ಹಾಡುವ ಸಿಡಿ ಪ್ಲೇಯರ್‌ಗೆ 9,500 ರೂಪಾಯಿ ಕೊಟ್ಟೆ, ನೀವು ಕೊಡಬೇಡಿ

ಹಳೆಯ ಸಿಡಿ ಪ್ಲೇಯರ್ ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಹಣ ಕೊಡಿ. ಮೂರು ವಾರಗಳಿಂದ ಈ ವಿಷಯವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಆದರೆ ನಿನ್ನೆ ರಾತ್ರಿ ಅದೇ ಮನುಷ್ಯ ಇನ್ನೊಂದು ಪ್ಲೇಯರನ್ನು ಮಾರಾಟಕ್ಕಿಟ್ಟಿರುವ ಜಾಹೀರಾತು ಕಣ್ಣಿಗೆ ಬಿತ್ತು. ಅದೇ ಹಸಿರು ಮೇಜುಬಟ್ಟೆ, ಅದೇ ಮಾತು: 'ಒಬ್ಬರೇ ಬಳಸಿದ್ದು, ಹೊಸದರಂತಿದೆ.' ಇನ್ನು ಸುಮ್ಮನಿರಲಾರೆ.

ನಮ್ಮ ತಂದೆ ಬಿಟ್ಟುಹೋದ 130 ಸಿಡಿಗಳು ಮನೆಯಲ್ಲಿವೆ. ಹೆಚ್ಚಿನವು ಹಿಂದೂಸ್ತಾನಿ ಗಾಯನದವು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಮನೆಯಲ್ಲಿದ್ದ ಪ್ಲೇಯರ್ ಕೆಟ್ಟು ವರ್ಷವಾಗಿತ್ತು. ಹತ್ತು ಸಾವಿರದೊಳಗೆ ಒಂದು ಒಳ್ಳೆಯ ಹಳೆಯ ಯಂತ್ರ ಸಿಕ್ಕರೆ ಸಾಕೆಂದು ಆರು ತಿಂಗಳಿಂದ ಹುಡುಕುತ್ತಿದ್ದೆ. 1990ರ ದಶಕದ ಜಪಾನಿ ಪ್ಲೇಯರ್, ರಿಮೋಟ್ ಇದೆ, 12,000 ಎಂದು ಈತ ಹಾಕಿದ್ದ. ಫೋನಿನಲ್ಲಿ ಎಷ್ಟು ಮರ್ಯಾದೆಯಿಂದ ಮಾತನಾಡಿದನೆಂದರೆ, ಮರುದಿನವೇ ಮೈಸೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತಿದೆ.

ಅಲ್ಲಿ ನಡೆದದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೋಸವೆಲ್ಲ ಆ ಅರ್ಧ ಗಂಟೆಯಲ್ಲಿಯೇ ಇತ್ತು. ನನ್ನ ಚೀಲದಲ್ಲಿ ಎರಡು ಸಿಡಿಗಳಿದ್ದವು. ಹಾಕಿ ನೋಡಲೆಂದೇ ಒಯ್ದಿದ್ದೆ. ಹೊರಗೆ ತೆಗೆಯುತ್ತಿದ್ದಂತೆಯೇ ಆತ ಕೈ ಅಡ್ಡ ಹಿಡಿದು, "ಹೊರಗಿನ ಡಿಸ್ಕ್ ಬೇಡ ಸರ್, ಧೂಳಿದ್ದರೆ ಲೆನ್ಸ್ ಹಾಳಾಗುತ್ತದೆ. ನಾನು ಇದನ್ನು ಮಗುವಿನಂತೆ ನೋಡಿಕೊಂಡಿದ್ದೇನೆ" ಎಂದ. ನಾನು ಅದನ್ನು ಕೇಳಿ ಸಂತೋಷಪಟ್ಟೆ! ಇಷ್ಟು ಜೋಪಾನ ಮಾಡುವವನು ಸಿಕ್ಕನಲ್ಲ ಎಂದುಕೊಂಡು ಸಿಡಿಗಳನ್ನು ಚೀಲಕ್ಕೆ ವಾಪಸು ಹಾಕಿದೆ. ನನ್ನ ಕೈಯಾರೆ ವಾಪಸು ಹಾಕಿದೆ. ಈಗಲೂ ರಾತ್ರಿ ಮಲಗಿದಾಗ ಅದೊಂದೇ ನೆನಪಾಗುತ್ತದೆ.

ಆತ ತನ್ನದೇ ಒಂದು ಚಿತ್ರಗೀತೆಗಳ ಡಿಸ್ಕ್ ಹಾಕಿದ. ಟ್ರೇ ಒಳಗೆ ಹೋಗಿ ಒಟ್ಟು ಹಾಡುಗಳ ಸಂಖ್ಯೆ ತೋರಿಸಲು ಹದಿನೈದು ಸೆಕೆಂಡಾದರೂ ಹಿಡಿಯಿತು. ಸರಿಯಾಗಿರುವ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಓದಿಬಿಡುತ್ತದೆ. ಕೇಳಿದ್ದಕ್ಕೆ "ಹಳೆಯ ಕಾಲದ್ದು ಸರ್, ನಿಧಾನ" ಎಂದ. ಮೊದಲ ಮೂರು ಹಾಡು ಕೇಳಿಸಿದ. ಧ್ವನಿ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಸುಳ್ಳೆನ್ನಲಾರೆ. ನಾಲ್ಕನೆಯದು ಶುರುವಾಗುವಾಗ ಆಫ್ ಮಾಡಿ, "ಇಷ್ಟು ಸಾಕಲ್ಲವೇ ಸರ್, ನಿಮಗೆ ಬಸ್ಸಿಗೆ ತಡವಾಗುತ್ತದೆ" ಎಂದ. ಅದನ್ನೂ ಕಾಳಜಿಯೆಂದೇ ತಿಳಿದೆ. 9,500ಕ್ಕೆ ಒಪ್ಪಿದ. ಕೂಡಲೇ ಹಣ ಕಳುಹಿಸಿದೆ. ಯಂತ್ರವನ್ನು ಟವೆಲಿನಲ್ಲಿ ಸುತ್ತಿ, ಮೈಸೂರಿನವರೆಗೆ ತೊಡೆಯ ಮೇಲಿಟ್ಟುಕೊಂಡೇ ತಂದೆ.

ರಾತ್ರಿ ರಾಜಗುರು ಅವರ ಸಿಡಿ ಹಾಕಿದೆ. ಹೆಂಡತಿ, ಮಗ ಎಲ್ಲರೂ ಕುಳಿತಿದ್ದರು. ನಿಧಾನಗತಿಯ ವಿಲಂಬಿತ ಮುಗಿದು ವೇಗದ ದ್ರುತ್ ಆರಂಭವಾಗಬೇಕು, ಟಕ್ ಟಕ್ ಎಂದು ಸದ್ದು ಬಂತು. ಸ್ವರ ಹಾರಿತು, ಮತ್ತೆ ಹಾರಿತು, ನಿಂತೇಹೋಯಿತು. ಪರದೆಯ ಮೇಲೆ 'ನೋ ಡಿಸ್ಕ್'. ಡಿಸ್ಕ್ ಒಳಗೇ ಇದೆ! ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ ಹಾಡುತ್ತದೆ, ಇಪ್ಪತ್ತು ನಿಮಿಷಕ್ಕೆ ಮತ್ತೆ ನಿಲ್ಲುತ್ತದೆ. ನಾಲ್ಕು ಸಿಡಿ ಬದಲಿಸಿದೆ. ನಾಲ್ಕಕ್ಕೂ ಅದೇ ಗತಿ. ಮೂರೇ ಹಾಡಿಗೆ ಆತ ಏಕೆ ಆಫ್ ಮಾಡಿದನೆಂಬುದು ಆಗ ಹೊಳೆಯಿತು. ಮಗ ಏನೂ ಹೇಳದೆ ಎದ್ದು ಹೋದ. ಅವನು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದೆ. ಉತ್ತರಗಳನ್ನು ಕೇಳಿ. ಮೊದಲು, "ನಮ್ಮ ಮನೆಯಲ್ಲಿ ಚೆನ್ನಾಗಿಯೇ ಇತ್ತಲ್ಲ ಸರ್, ನೀವೇ ಕೇಳಿದಿರಲ್ಲ." ಆಮೇಲೆ, "ಬಸ್ಸಿನಲ್ಲಿ ಕುಲುಕಿರಬೇಕು." ತೊಡೆಯ ಮೇಲಿಟ್ಟುಕೊಂಡು ತಂದೆ ಎಂದರೆ, "ಹಾಗಾದರೆ ನಿಮ್ಮ ಸಿಡಿಗಳಲ್ಲೇ ದೋಷವಿರಬೇಕು." ನಮ್ಮ ತಂದೆ ಒಂದು ಗೀರೂ ಬೀಳದಂತೆ ಕಾಪಾಡಿದ ಸಿಡಿಗಳು! ಸಂಜೆ ವಾಟ್ಸಾಪ್‌ನಲ್ಲಿ, "ಹಳೆಯ ವಸ್ತುವಿಗೆ ಗ್ಯಾರಂಟಿ ಎಲ್ಲಿರುತ್ತದೆ? ಲೆನ್ಸ್ ಒರೆಸಿ ನೋಡಿ." ಒರೆಸಿದೆ. ಏನೂ ಆಗಲಿಲ್ಲ. ಅರ್ಧ ಹಣವನ್ನಾದರೂ ಕೊಡಿ ಎಂದು ಬರೆದೆ, ಹೌದು, ಅಷ್ಟು ಕೆಳಗಿಳಿದೆ. ಓದಿದ ಗುರುತು ಬಂತು. ಮರುದಿನ ಬ್ಲಾಕ್.

ಇಷ್ಟಾದರೂ ಆತನಿಗೂ ಗೊತ್ತಿರಲಿಲ್ಲವೇನೋ ಎಂಬ ಸಣ್ಣ ಅನುಮಾನ ನನಗಿತ್ತು. ನಮ್ಮೂರಿನ ರಿಪೇರಿಯವರು ಮುಚ್ಚಳ ತೆಗೆದ ಮೇಲೆ ಅದೂ ಹೋಯಿತು. ಲೆನ್ಸ್ ಜೋಡಣೆಯ ಪಕ್ಕದಲ್ಲಿ, ಡಿಸ್ಕನ್ನು ಓದುವ ಲೇಸರ್‌ಗೆ ಹೋಗುವ ಕರೆಂಟನ್ನು ಹೊಂದಿಸುವ ಪುಟ್ಟ ತಿರುಪು ಇರುತ್ತದೆ. ನನ್ನ ಯಂತ್ರದಲ್ಲಿ ಕಾರ್ಖಾನೆಯವರು ಅದರ ಮೇಲೆ ಹಚ್ಚಿದ್ದ ಬಣ್ಣದ ಗುರುತು ಬಿರುಕು ಬಿಟ್ಟಿತ್ತು. "ಯಾರೋ ಇದನ್ನು ತಿರುಗಿಸಿದ್ದಾರೆ ಸ್ವಾಮಿ. ಸತ್ತ ಲೇಸರ್‌ಗೆ ಹೆಚ್ಚು ಕರೆಂಟ್ ಕೊಟ್ಟು ಎಬ್ಬಿಸಿದ್ದಾರೆ. ತಣ್ಣಗಿರುವಾಗ ಓದುತ್ತದೆ, ಬಿಸಿಯಾದರೆ ಬಿಡುತ್ತದೆ" ಎಂದರು. ಹಾಗೆ ತಿರುಗಿಸಿದರೆ ಉಳಿದ ಆಯಸ್ಸೂ ಬೇಗ ಮುಗಿಯುತ್ತದಂತೆ. ಇದಕ್ಕೆ ಕಂಪನಿಯ ಲೆನ್ಸ್ ಈಗ ತಯಾರಾಗುವುದಿಲ್ಲ. ನಕಲಿ ಹಾಕಲು 2,800 ರೂಪಾಯಿ ಕೇಳಿದರು, ಎಷ್ಟು ದಿನ ಬರುತ್ತದೆಂದು ಹೇಳಲಾರೆ ಎಂದೂ ಹೇಳಿದರು. ನನಗೆ ಸಿಕ್ಕ ಪ್ರಾಮಾಣಿಕ ಉತ್ತರ ಅದೊಂದೇ.

ಆದ್ದರಿಂದ ಕೇಳಿ. ನಿಮ್ಮ ಸಿಡಿಯನ್ನು ಹಾಕಲು ಬಿಡದವನ ಮನೆಯಿಂದ ಎದ್ದು ಬನ್ನಿ. ಒಂದು ಗಂಟೆಗೂ ಹೆಚ್ಚು ಸಂಗೀತವಿರುವ ಡಿಸ್ಕ್ ಒಯ್ಯಿರಿ. ಸಿಡಿಯನ್ನು ಒಳಗಿನಿಂದ ಹೊರಗಿನ ಅಂಚಿನ ಕಡೆಗೆ ಓದಲಾಗುತ್ತದೆ, ಮೊದಲ ಹಾಡು ಕೇಳಿ ತಲೆಯಾಡಿಸಿದರೆ ಅಂಚಿನ ಗತಿ ತಿಳಿಯುವುದಿಲ್ಲ. ಹಾಗಾಗಿ ಕೊನೆಯ ಹಾಡಿಗೂ ಹೋಗಿ. ಮನೆಯಲ್ಲಿ ಕಂಪ್ಯೂಟರಿನಿಂದ ಬರೆದ ಸಿಡಿಯೂ ಒಂದಿರಲಿ. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಲೆನ್ಸ್ ಸೋತಿದ್ದರೆ ಸಾಮಾನ್ಯವಾಗಿ ಅಲ್ಲಿಯೇ ಮೊದಲು ಎಡವುತ್ತದೆ. ಹಿಂಬದಿಯಲ್ಲಿ ವೋಲ್ಟೇಜ್ ನೋಡಿ. ಜಪಾನಿನೊಳಗೆ ಮಾರಲೆಂದು ಮಾಡಿದವು 100 ವೋಲ್ಟಿನವು, ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಡುತ್ತವೆ. ತಿರುಪುಗಳ ತಲೆ ಸವೆದಿದ್ದರೆ ಯಾರು ಬಿಚ್ಚಿದರು, ಏಕೆ ಬಿಚ್ಚಿದರು ಎಂದು ಕೇಳಿ. ಇದಾವುದನ್ನೂ ನಾನು ಮಾಡಲಿಲ್ಲ. ನಯವಾದ ಮಾತಿಗೆ ಸೋತೆ.

ಯಂತ್ರ ಈಗ ಕಪಾಟಿನ ಮೇಲಿದೆ. ಸದ್ಯಕ್ಕೆ ಅಣ್ಣನ ಮನೆಯ ಹಳೆಯ ಡಿವಿಡಿ ಪ್ಲೇಯರನ್ನು ತಂದು ಆಂಪ್ಲಿಫೈಯರ್‌ಗೆ ಜೋಡಿಸಿದ್ದೇನೆ. ಪೂರ್ತಿ ಸಿಡಿ ನಿಲ್ಲದೆ ಹಾಡುತ್ತದೆ.

ಹಸಿರು ಮೇಜುಬಟ್ಟೆಯ ಮೇಲೆ ಕಪ್ಪು ಪ್ಲೇಯರ್ ಇಟ್ಟ ಚಿತ್ರ ನಿಮಗೆ ಕಂಡರೆ, ಹಣದ ಮಾತಿಗೆ ಮೊದಲು ಆತನನ್ನು ಒಂದೇ ಪ್ರಶ್ನೆ ಕೇಳಿ: ನನ್ನ ಸಿಡಿ ಹಾಕಿ ಒಂದು ಗಂಟೆ ಕುಳಿತುಕೊಳ್ಳಲೇ? ಆತ ಏನೆಂದನೆಂದು ನನಗೂ ತಿಳಿಸಿ.